ಬೆಕ್ಕು ಯಾರದು: ಮನೆಯದೋ, ಮನೆಯವರದೋ?

ನಾಯಿ ಒಡೆಯನ ಹಿಂದೆ ಹೋಗುತ್ತದೆ, ಬೆಕ್ಕು ಮನೆಯನ್ನು ಹಿಡಿದು ಕೂರುತ್ತದೆ. ಕನ್ನಡನಾಡಿನ ಯಾವ ಊರಿನಲ್ಲಿ ಕೇಳಿದರೂ ಹಿರಿಯರು ಬೆಕ್ಕಿನ ಬಗ್ಗೆ ಕೊಡುವ ತೀರ್ಪು ಇದೇ. ಮನೆ ಬದಲಿಸುವಾಗ ನಾಯಿಯನ್ನು ಸಾಮಾನಿನ ಜೊತೆ ಲಾರಿಗೆ ಹತ್ತಿಸುವವರು ಬೆಕ್ಕನ್ನು ಅಂಗಳದಲ್ಲೇ ಬಿಟ್ಟು ಹೊರಡುತ್ತಾರೆ. ಮಕ್ಕಳು ಅತ್ತರೆ, "ಅದಕ್ಕೇನಾಗಲ್ಲ ಬಿಡು ಪುಟ್ಟಾ, ಹೊಸಬರು ಬಂದರೆ ಅವರ ಕಾಲು ಸುತ್ತುತ್ತೆ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಮಲೆನಾಡಿನ ಕಡೆ ಹಾಲಿನ ಪಾತ್ರೆಗೆ ಬಾಯಿ ಹಾಕುವ ಕಳ್ಳಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದ ಕತೆಗಳು ಬೇಕಾದಷ್ಟಿವೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದೇ ಬೆಕ್ಕು ಬಚ್ಚಲೊಲೆಯ ಮಗ್ಗುಲಲ್ಲಿ ಮಲಗಿತ್ತಂತೆ ಎಂಬುದು ಆ ಕತೆಗಳ ಕೊನೆ.

ಕೇಳುಗರೇ, ಈ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಬೆಕ್ಕಿಗೆ ತಾನಿರುವ ಜಾಗ ಬಹಳ ಮುಖ್ಯ. ಆದರೆ ಅಲ್ಲಿಗೇ ನಿಲ್ಲಿಸಿ, ಅದಕ್ಕೆ ಮನುಷ್ಯರ ಮೇಲೆ ಮಮತೆಯೇ ಇಲ್ಲ ಎನ್ನುವುದು ಅನ್ಯಾಯ. ಈ ಅನ್ಯಾಯದ ಬೆಲೆಯನ್ನು ತೆರುವುದು ಬೀದಿಪಾಲಾಗುವ ಬೆಕ್ಕು. ಬಿಟ್ಟು ಬಂದ ಬೆಕ್ಕು ಯಾಕೆ ಮರಳುತ್ತದೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1922ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ಬೆಕ್ಕಿನ ದಾರಿ ಹಿಡಿಯುವ ಶಕ್ತಿಯನ್ನು ಪರೀಕ್ಷಿಸಿದರು. ತಾಯಿ ಬೆಕ್ಕೊಂದನ್ನು ಬೇರೆ ಬೇರೆ ದಿಕ್ಕಿನಲ್ಲಿ ಕೆಲವು ಮೈಲಿ ದೂರ ಒಯ್ದು ಬಿಟ್ಟರೂ ಅದು ಮರಳಿ ಬಂತು. ಮನೆಯಲ್ಲಿ ಅದರ ಮರಿಗಳಿದ್ದವು. ಅದು ಮರಳಿದ್ದು ಗೋಡೆ, ಮಾಡುಗಳಿಗಾಗಿ ಎಂದು ಹೇಳುವ ಧೈರ್ಯ ಯಾರಿಗಿದೆ?

ಬೆಕ್ಕನ್ನು ಅರ್ಥಮಾಡಿಕೊಳ್ಳಲು ಅದು ಬಂದ ದಾರಿಯನ್ನು ನೋಡಬೇಕು. ನಮ್ಮ ಮನೆಗಳ ಬೆಕ್ಕಿನ ಮೂಲ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾಗಳ ಒಣನೆಲದ ಪ್ರಾಣಿ. ನಮ್ಮ ಕಬ್ಬಿನ ಗದ್ದೆಗಳ ಅಂಚಿನಲ್ಲಿ ಕಾಣುವ ಕಾಡುಬೆಕ್ಕು ಬೇರೆಯೇ ಜಾತಿ. 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು 979 ಬೆಕ್ಕುಗಳ ಡಿಎನ್‌ಎ ಹೋಲಿಸಿ ಈ ವಂಶಾವಳಿಯನ್ನು ಖಚಿತಪಡಿಸಿದರು. ಮನುಷ್ಯ ಧಾನ್ಯ ಬೆಳೆದು ಕೂಡಿಡತೊಡಗಿದಾಗ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಯಾರೂ ಅದನ್ನು ಹಿಡಿದು ಪಳಗಿಸಲಿಲ್ಲ. ಕಣಜದ ಬಳಿ ಮನುಷ್ಯರನ್ನು ಸಹಿಸಿಕೊಂಡು ಇರಬಲ್ಲಂಥವು ಉಳಿದವು, ಅವುಗಳ ಸಂತಾನ ಬೆಳೆಯಿತು.

ಸೈಪ್ರಸ್ ದ್ವೀಪದ ಶಿಲ್ಲುರೊಕಂಬೋಸ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞರಿಗೆ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು. ಮನುಷ್ಯನ ಅಸ್ಥಿಪಂಜರ, ಅದರಿಂದ 40 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆಂದೇ ತೋಡಿದ ಪುಟ್ಟ ಗುಂಡಿಯಲ್ಲಿ, ಎಂಟು ತಿಂಗಳ ಬೆಕ್ಕಿನದು. ಸೈಪ್ರಸ್‌ನಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ತಂದಿದ್ದರು. ಇಲಿ ಹಿಡಿಯುವ ಆಳು ಎಂಬುದಷ್ಟೇ ಆ ಬೆಕ್ಕಿನ ಸ್ಥಾನವಾಗಿದ್ದರೆ ಅದಕ್ಕೆ ಮನುಷ್ಯನ ಪಕ್ಕದಲ್ಲಿ ಗುಂಡಿ ತೋಡುವ ಶ್ರಮ ಯಾಕೆ? ನಮ್ಮಲ್ಲೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯ ಜನ ಮಂಗಮ್ಮನನ್ನು ಬೆಕ್ಕಿನ ರೂಪದಲ್ಲಿ ಪೂಜಿಸುತ್ತಾರೆ. ಬೆಕ್ಕು ಅಡ್ಡಬಂದರೆ ಹಿಂದಿರುಗಿ ಹೋಗುವ ನಾಡಿನಲ್ಲೇ ಬೆಕ್ಕಿಗೆ ಆರತಿ ಎತ್ತುವ ಊರೂ ಇದೆ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಬೆಕ್ಕಿನ ಸ್ವಭಾವದ ಕೀಲಿ ಅದರ ಬೇಟೆಯಲ್ಲಿದೆ. ತೋಳಗಳು ಗುಂಪುಗೂಡಿ ದೊಡ್ಡ ಪ್ರಾಣಿಯನ್ನು ಕೆಡಹುತ್ತವೆ. ಹಂಚಿಕೊಂಡು ತಿನ್ನಬೇಕಾದ್ದರಿಂದ ಒಂದರ ಮುಖವನ್ನು ಇನ್ನೊಂದು ನೋಡಿ ನಡೆಯುವುದು ಅವುಗಳ ರಕ್ತದಲ್ಲೇ ಇದೆ. ನಾಯಿ ಆ ಕುಲದ್ದು. ಇಲಿ, ಓತಿಕ್ಯಾತ, ಗುಬ್ಬಿ ಹಿಡಿಯುವ ಬೆಕ್ಕಿಗೆ ಸಿಕ್ಕಿದ್ದು ತನ್ನ ಒಂದು ಹೊಟ್ಟೆಗೆ ಮಾತ್ರ ಸಾಲುತ್ತದೆ. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಅಪ್ಪಣೆ ಕೊಡುವವರೂ ಬೇಡ, ಕೇಳುವವರೂ ಬೇಡ. ಕರೆದಾಗ ಬರುವುದಿಲ್ಲ ಎಂದು ಬೆಕ್ಕಿನ ಮೇಲೆ ಸಿಟ್ಟಾಗುವವರು ಈ ಮಾತನ್ನು ನೆನೆಯಬೇಕು. ಹಾಗೆಂದು ಬೆಕ್ಕಿಗೆ ಬಂಧುತ್ವ ಗೊತ್ತಿಲ್ಲವೆಂದಲ್ಲ. ಮೀನು ಮಾರುಕಟ್ಟೆಯಂಥ, ಅನ್ನಕ್ಕೆ ಕೊರತೆಯಿಲ್ಲದ ಜಾಗಗಳಲ್ಲಿ ತಾಯಿ, ಮಗಳು, ಅಕ್ಕತಂಗಿಯರು ಒಟ್ಟಿಗೆ ಬಾಳುತ್ತವೆ, ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತದೆ.

ಹಾಗಾದರೆ ಸಾಕಿದವರ ಮೇಲೆ ಅದಕ್ಕಿರುವುದು ಅನ್ನದ ಋಣ ಮಾತ್ರವೋ, ಅದಕ್ಕಿಂತ ಹೆಚ್ಚಿನದೋ? ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನ್ ವಿಟಾಲೆ ಇದನ್ನು ಪರೀಕ್ಷಿಸಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಒಂದು ಅಪರಿಚಿತ ಕೋಣೆ. ಒಡತಿ ಮರಿಯೊಂದಿಗೆ ಎರಡು ನಿಮಿಷ ಕೂರುತ್ತಾಳೆ. ಆಮೇಲೆ ಎದ್ದು ಹೊರಗೆ ಹೋಗುತ್ತಾಳೆ. ಮರಿ ಬಾಗಿಲ ಬಳಿ ನಿಂತು ಕೂಗುತ್ತದೆ, ಅತ್ತಿತ್ತ ಓಡಾಡುತ್ತದೆ. ಎರಡು ನಿಮಿಷದ ಬಳಿಕ ಒಡತಿ ಒಳಗೆ ಬರುತ್ತಾಳೆ. ನೋಡಬೇಕಾದ ಗಳಿಗೆ ಇದು. ಕೆಲವು ಮರಿಗಳು ಬಂದು ಅವಳ ಮೈಗೆ ಒಮ್ಮೆ ಉಜ್ಜಿ, ನೆಮ್ಮದಿಯಾಗಿ ಕೋಣೆಯ ಮೂಲೆಗಳನ್ನು ಮೂಸಲು ಹೊರಡುತ್ತವೆ. ನಡುನಡುವೆ ಅವಳ ಕಡೆ ಬಂದು ಹೋಗುತ್ತವೆ. ಇನ್ನು ಕೆಲವು ಅವಳ ಮಡಿಲಿಗೆ ಅಂಟಿಕೊಂಡು ಕದಲುವುದೇ ಇಲ್ಲ, ಅಥವಾ ಮೂಲೆ ಸೇರಿ ಅವಳನ್ನು ದೂರವಿಡುತ್ತವೆ. ಮೊದಲ ಬಗೆಯದು ಭದ್ರವಾದ ನಂಟು: ಇವಳಿದ್ದಾಳೆ, ಇನ್ನು ಭಯವಿಲ್ಲ ಎಂಬ ಭರವಸೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವಿಂಗಡಿಸಲಾದ 70 ಮರಿಗಳಲ್ಲಿ ಶೇಕಡ 64.3 ಮರಿಗಳಿಗೆ ಅಂಥ ನಂಟಿತ್ತು. ಬೆಳೆದ 38 ಬೆಕ್ಕುಗಳಲ್ಲಿ ಅದು ಶೇಕಡ 65.8. ಇಂಥದೇ ಪರೀಕ್ಷೆಯಲ್ಲಿ ಮನುಷ್ಯರ ಕೂಸುಗಳಲ್ಲಿ ಕಾಣುವ ಪ್ರಮಾಣವೂ ಸರಿಸುಮಾರು ಇಷ್ಟೇ.

ಎದುರು ಸಾಕ್ಷ್ಯವನ್ನೂ ಹೇಳಬೇಕು. 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆಲಿಸ್ ಪಾಟರ್ ಮತ್ತು ಡೇನಿಯಲ್ ಮಿಲ್ಸ್ ಇಪ್ಪತ್ತು ಬೆಕ್ಕುಗಳನ್ನು ಇಂಥದೇ ಪರೀಕ್ಷೆಗೆ ಒಡ್ಡಿ, ಬೆಳೆದ ಬೆಕ್ಕು ಭದ್ರತೆಗಾಗಿ ಮನುಷ್ಯನನ್ನು ಅವಲಂಬಿಸುವಂತೆ ಕಾಣುವುದಿಲ್ಲ ಎಂದಿದ್ದರು. ಪ್ರೀತಿಯೇ ಇಲ್ಲವೆಂದು ಅವರೂ ಹೇಳಲಿಲ್ಲ. ಅವಲಂಬನೆ ಇಲ್ಲದೆಯೂ ಪ್ರೀತಿ ಇರಬಲ್ಲದು. ಎರಡೂ ಅಧ್ಯಯನಗಳನ್ನು ಒಟ್ಟಿಗಿಟ್ಟು ಓದಿದರೆ, ಎಲ್ಲ ಬೆಕ್ಕೂ ಒಂದೇ ಎಂಬ ಮಾತು ಎಷ್ಟು ದುಡುಕಿನದು ಎಂಬುದು ಸ್ಪಷ್ಟವಾಗುತ್ತದೆ.

ಜಪಾನಿನವರು ಹಿಡಿದ ದಾರಿ ಇನ್ನೂ ಸೂಕ್ಷ್ಮ. 2013ರಲ್ಲಿ ಅತ್ಸುಕೊ ಸೈತೊ ಮತ್ತು ಕಝುತಾಕ ಶಿನೊಝುಕ ಇಪ್ಪತ್ತು ಬೆಕ್ಕುಗಳಿಗೆ, ಅವು ತಮ್ಮ ತಮ್ಮ ಮನೆಯಲ್ಲಿದ್ದಾಗಲೇ, ಧ್ವನಿಮುದ್ರಿಕೆಗಳನ್ನು ಕೇಳಿಸಿದರು. ಮೊದಲು ಅಪರಿಚಿತರು ಒಬ್ಬರಾದ ಮೇಲೊಬ್ಬರು ಹೆಸರು ಹಿಡಿದು ಕರೆಯುವ ದನಿ. ಬೆಕ್ಕು ಬರಬರುತ್ತಾ ಗಮನ ಕಳೆದುಕೊಳ್ಳುತ್ತದೆ. ಆಮೇಲೆ ಮನೆಯವರ ದನಿ. ಮಲಗಿದಲ್ಲಿಂದ ಏಳುವುದಿಲ್ಲ, ಮಿಯಾಂವ್ ಎನ್ನುವುದಿಲ್ಲ. ಕಿವಿ ತಿರುಗುತ್ತದೆ, ತಲೆ ತುಸು ಹೊರಳುತ್ತದೆ. ಗುರುತು ಹಿಡಿಯಿತು! ಅದೇ ಸೈತೊ 2019ರಲ್ಲಿ ಬೆಕ್ಕುಗಳಿಗೆ ತಮ್ಮ ಹೆಸರು ಬೇರೆ ಪದಗಳಿಂದ ಪ್ರತ್ಯೇಕವಾಗಿ ಗೊತ್ತು ಎಂಬುದನ್ನೂ ತೋರಿಸಿದರು. ಕ್ಯೋಟೊ ವಿಶ್ವವಿದ್ಯಾಲಯದ ಸಾಹೊ ತಕಾಗಿ 2021ರಲ್ಲಿ ಮಾಡಿದ್ದು ಇನ್ನೂ ಸೊಗಸಾದ ಪ್ರಯೋಗ. ಒಡೆಯನ ದನಿ ಒಂದು ಸ್ಪೀಕರಿನಿಂದ ಬಂದ ಮರುಕ್ಷಣವೇ ದೂರದ ಮತ್ತೊಂದು ಕಡೆಯಿಂದ ಬಂದರೆ ಬೆಕ್ಕು ಬೆರಗಾಗಿ ಸುತ್ತ ನೋಡುತ್ತದೆ. ಅಷ್ಟು ಬೇಗ ಅಲ್ಲಿಗೆ ಹೇಗೆ ಹೋದರು? ಎಂದರೆ, ಮನೆಯವರು ಕಣ್ಣಿಗೆ ಕಾಣದಿದ್ದಾಗಲೂ ಅವರು ಯಾವ ಕೋಣೆಯಲ್ಲಿದ್ದಾರೆ ಎಂಬ ಲೆಕ್ಕ ಬೆಕ್ಕಿನ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಕಿಟಕಿಯ ಮೇಲೆ ಕಣ್ಣು ಮುಚ್ಚಿ ಕುಳಿತ, ಯಾರ ಗೊಡವೆಯೂ ಬೇಡವೆಂಬಂತೆ ಕಾಣುವ ಪ್ರಾಣಿ ಇಡೀ ಹೊತ್ತು ನಮ್ಮನ್ನು ಆಲಿಸುತ್ತಿದೆ ಎಂಬುದು ಮನಸ್ಸನ್ನು ತುಂಬುವ ವಿಷಯ.

ಅದರ ಮಾತು ನಮಗೆ ತಿಳಿಯದಿರುವುದೇ ತೊಡಕು. ಬಾಲವನ್ನು ನೆಟ್ಟಗೆ ಎತ್ತಿ, ತುದಿಯನ್ನು ಸ್ವಲ್ಪ ಬಾಗಿಸಿ ಎದುರು ಬಂದರೆ ಅದು ಸ್ನೇಹದ ವಂದನೆ. ಮರಿಗಳು ತಾಯಿಯ ಬಳಿ ಬರುವುದು ಹೀಗೆಯೇ. ಇಂಗ್ಲೆಂಡಿನ ಷಾರ್ಲೆಟ್ ಕ್ಯಾಮರಾನ್-ಬೋಮಾಂಟ್ ಕಪ್ಪು ಕಾಗದದಲ್ಲಿ ಬೆಕ್ಕಿನಾಕಾರ ಕತ್ತರಿಸಿ ಗೋಡೆಗೆ ಅಂಟಿಸಿದಾಗ, ಬಾಲ ಎತ್ತಿದ ಆಕಾರದ ಕಡೆಗೆ ಬೆಕ್ಕುಗಳು ತಾವೂ ಬಾಲ ಎತ್ತಿ ನಡೆದವು. ಕಾಲಿಗೆ ಕೆನ್ನೆ, ಪಕ್ಕೆ ಉಜ್ಜುವುದು ಆ ವಂದನೆಯ ಮುಂದುವರಿಕೆ. ಕೆನ್ನೆ, ಗಲ್ಲಗಳ ಗ್ರಂಥಿಗಳ ವಾಸನೆ ನಮಗೆ ಹತ್ತುತ್ತದೆ. ಆ ವಾಸನೆ ಮನುಷ್ಯರ ಮೂಗಿಗೆ ತಿಳಿಯದು, ಬೆಕ್ಕಿನ ಲೋಕದಲ್ಲಿ ಅದೇ ಮನೆತನದ ಗುರುತು. ಮಡಿಲಲ್ಲಿ ಮುಂಗಾಲುಗಳಿಂದ ಒಂದೇ ಸಮನೆ ನಾದುವುದು ತಾಯಿಯ ಹೊಟ್ಟೆಯನ್ನು ಒತ್ತಿ ಹಾಲಿಳಿಸಿದ ಕಾಲದಿಂದ ಉಳಿದದ್ದು.

ಕಣ್ಣಿನ ಮಾತು ಎಲ್ಲಕ್ಕಿಂತ ನವಿರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ಗಾದೆ ಅದರ ಕಣ್ಣಿನ ಮೇಲೆ ಕಳ್ಳತನ ಹೊರಿಸಿದೆ. ನಿಜಕ್ಕೂ, ಅರೆಗಣ್ಣಾಗಿ ರೆಪ್ಪೆಗಳನ್ನು ನಿಧಾನವಾಗಿ ಮುಚ್ಚಿ ತೆರೆಯುವುದು ಬೆಕ್ಕು ತನ್ನ ನೆಮ್ಮದಿಯನ್ನು ತಿಳಿಸುವ ರೀತಿ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಟಾಸ್ಮಿನ್ ಹಂಫ್ರಿ ಮತ್ತು ಕರೆನ್ ಮೆಕೋಂಬ್ ತಂಡ, 14 ಮನೆಗಳ 21 ಬೆಕ್ಕುಗಳ ಮುಂದೆ ಅವುಗಳ ಮನೆಯವರನ್ನು ಕೂರಿಸಿ ಹೀಗೆಯೇ ಕಣ್ಣು ಮಿಟುಕಿಸಲು ಹೇಳಿತು. ಬೆಕ್ಕುಗಳು ತಾವೂ ಮಿಟುಕಿಸಿದವು. ಮತ್ತೊಂದು ಗುಂಪಿನ ಎದುರು ಅಪರಿಚಿತ ಸಂಶೋಧಕಿ ಹಾಗೆ ಮಾಡಿ ಕೈ ಚಾಚಿದಾಗ, ಸುಮ್ಮನೆ ಚಾಚಿದ ಕೈಗಿಂತ ಆ ಕೈಯ ಬಳಿಗೆ ಹೆಚ್ಚಾಗಿ ಬಂದವು. ಇಂದು ಸಂಜೆ ಮನೆಯಲ್ಲಿ ಯಾರಾದರೂ ಮಾಡಿ ನೋಡಬಹುದು. ಬೆಕ್ಕಿನಿಂದ ಒಂದು ಮೀಟರ್ ದೂರ, ಅದರ ಎತ್ತರಕ್ಕೆ ಕೂರಬೇಕು. ದುರುಗುಟ್ಟಬಾರದು, ನೆಟ್ಟ ನೋಟ ಬೆಕ್ಕಿಗೆ ಬೆದರಿಕೆ. ಕಣ್ಣನ್ನು ಅರ್ಧ ಮುಚ್ಚಿ, ಒಂದು ಗಳಿಗೆ ಪೂರ್ತಿ ಮುಚ್ಚಿ, ಮೆಲ್ಲಗೆ ತೆರೆಯಬೇಕು. ಮರುತ್ತರ ಬರುವವರೆಗೆ ಕೈ ಚಾಚುವ ಅವಸರ ಬೇಡ.

ಗೊರಗೊರ ಸದ್ದು ಸುಖದ ಗುರುತು ಎಂಬುದು ಬಹುಮಟ್ಟಿಗೆ ಸರಿ. ಆದರೆ ಗಾಯಗೊಂಡ, ಸಾಯುತ್ತಿರುವ ಬೆಕ್ಕೂ ಗೊರಗುಟ್ಟುತ್ತದೆ. ಇನ್ನೊಂದು ಬಗೆ ಬೆಳಗಿನ ಜಾವ ಹಸಿದ ಬೆಕ್ಕಿನದು. ಮೆಕೋಂಬ್ ತಮ್ಮ ಮನೆಯ ಬೆಕ್ಕು ಮುಂಜಾನೆ ಎಬ್ಬಿಸುವ ಸದ್ದಿನಿಂದಲೇ ಕುತೂಹಲಗೊಂಡು ಹತ್ತು ಬೆಕ್ಕುಗಳ ದನಿ ಮುದ್ರಿಸಿದರು. ತಗ್ಗಿನ ಗೊರಗೊರದೊಳಗೆ ಹಸುಳೆಯ ಅಳುವಿನಂಥ ಎತ್ತರದ ಎಳೆಯೊಂದು ಸೇರಿತ್ತು. ಬೆಕ್ಕನ್ನೇ ಸಾಕದವರಿಗೂ ಅದು ಹೆಚ್ಚು ಒತ್ತಾಯದ ದನಿಯಾಗಿ ಕೇಳಿಸಿತು. ಮಿಯಾಂವ್ ಎಂಬುದೂ ಹಾಗೆಯೇ, ಹೆಚ್ಚುಕಡಿಮೆ ಮನುಷ್ಯರಿಗೆಂದೇ ಮೀಸಲು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ಅಪರೂಪ.

ತಪ್ಪಾಗಿ ಓದುವ ಚಿಹ್ನೆಗಳೂ ಇವೆ. ಬೆಕ್ಕು ಅಂಗಾತ ಹೊರಳಿ ಹೊಟ್ಟೆ ತೋರಿಸಿದರೆ ಮಕ್ಕಳು ಕೂಡಲೇ ಕೈಯಾಡಿಸುತ್ತಾರೆ, ಪರಚಿಸಿಕೊಂಡು ಅಳುತ್ತಾರೆ. ಹೊಟ್ಟೆ ತೋರಿಸಿದ್ದು ನಂಬಿಕೆಯಿಂದಲೇ, ಮುಟ್ಟು ಎಂಬ ಆಹ್ವಾನ ಅದರಲ್ಲಿಲ್ಲ. ಬಾಲ ಪಟಪಟ ಬಡಿದರೆ, ಬೆನ್ನ ಚರ್ಮ ಅದುರಿದರೆ, ಕಿವಿ ಚಪ್ಪಟೆಯಾದರೆ ಕೈ ಹಿಂದೆ ತೆಗೆಯಬೇಕು. ಹೆಚ್ಚಿನ ಬೆಕ್ಕುಗಳಿಗೆ ಹಿತವಾಗುವುದು ಕಿವಿಯ ಬುಡ, ಕೆನ್ನೆ, ಗಲ್ಲದ ಕೆಳಗೆ. ಬಾಲದ ಬುಡ, ಹೊಟ್ಟೆ ಬೇಡ. ಸ್ವಿಟ್ಜರ್‌ಲ್ಯಾಂಡಿನ ಡೆನಿಸ್ ಟರ್ನರ್ ಮತ್ತು ಸಂಗಡಿಗರು ಮನೆಗಳಲ್ಲಿ ಕುಳಿತು ನೋಡಿ ಕಂಡುಕೊಂಡದ್ದು ಇಷ್ಟು: ಒಡನಾಟವನ್ನು ಬೆಕ್ಕು ಶುರು ಮಾಡಿದರೆ ಅದು ಬಹಳ ಹೊತ್ತು ನಡೆಯುತ್ತದೆ, ಮನುಷ್ಯ ಶುರು ಮಾಡಿದರೆ ಬೇಗ ಮುಗಿಯುತ್ತದೆ. ಎತ್ತಿ ಅಪ್ಪಿಕೊಳ್ಳುವ ನಮ್ಮ ಅವಸರವೇ ಎಷ್ಟೋ ಮನೆಗಳಲ್ಲಿ ಬೆಕ್ಕನ್ನು ಮಂಚದ ಕೆಳಗೆ ಅಟ್ಟಿದೆ.

ಈ ನಂಟಿಗೆ ಬುನಾದಿ ಬೀಳುವುದು ಬಹಳ ಎಳೆಯ ವಯಸ್ಸಿನಲ್ಲಿ. 1980ರ ದಶಕದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಷ್ ತೋರಿಸಿದಂತೆ, ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವನಪೂರ್ತಿ ಮನುಷ್ಯರನ್ನು ನಂಬುತ್ತದೆ. ಆ ವಾರಗಳನ್ನು ಅಟ್ಟದ ಕತ್ತಲಲ್ಲಿ ಕಳೆದ ಮರಿ ಎಷ್ಟು ಅನ್ನ ಹಾಕಿದರೂ ಅಂಜುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ತಾಯಿ ಕತ್ತಿನ ಚರ್ಮ ಕಚ್ಚಿ ಎತ್ತಿದಾಗ ಮರಿ ಕೈಕಾಲು ಮುದುಡಿ ತೂಗುತ್ತದೆ, ಒದ್ದಾಡುವುದಿಲ್ಲ. ಶ್ರೀವೈಷ್ಣವರು ಶರಣಾಗತಿಯನ್ನು ವಿವರಿಸಲು ಮಾರ್ಜಾಲ ಕಿಶೋರ ನ್ಯಾಯವೆಂದು ಎತ್ತಿಕೊಂಡದ್ದು ಇದೇ ನೋಟವನ್ನು. ಆದರೆ ಬೆಳೆದ ಬೆಕ್ಕನ್ನು ಕತ್ತು ಹಿಡಿದು ಎತ್ತುವುದು ಅದಕ್ಕೆ ನೋವು, ಭಯ ಎರಡೂ.

ಇಲ್ಲಿ ನಮ್ಮ ರೂಢಿಯೊಂದನ್ನು ಬಿಡಬೇಕು. ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮರಿಯನ್ನು ಬುಟ್ಟಿಯಲ್ಲಿಟ್ಟು ನೆಂಟರಿಗೆ ಕೊಟ್ಟುಬಿಡುತ್ತೇವೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,726 ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಪ್ರಕಾರ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟ ಮರಿಗಳಲ್ಲಿ ಮುಂದೆ ಕಚ್ಚುವ, ಪರಚುವ ಸ್ವಭಾವ ಹೆಚ್ಚು. ಮರಿಯನ್ನು ತಾಯಿಯ ಬಳಿಯೇ ಬಿಟ್ಟು, ಅಲ್ಲಿಯೇ ದಿನಾ ಕೈಯಲ್ಲಿ ಆಡಿಸುವುದು ಸರಿಯಾದ ದಾರಿ.

ಮನೆ ಬದಲಿಸುವಾಗ ಬೆಕ್ಕನ್ನು ಕರೆದೊಯ್ಯುವುದೂ ಕಷ್ಟವಲ್ಲ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ ಕೊಡಬೇಕು. ಅದು ಮಲಗುತ್ತಿದ್ದ ಹಳೆಯ ಚಾದರವನ್ನು ಒಗೆಯದೆ ಅಲ್ಲಿ ಹಾಸಬೇಕು. ಎರಡು ಮೂರು ವಾರ ಹೊರಗೆ ಬಿಡಬಾರದು. ಹಳೆಯ ವಾಸನೆ, ಹಳೆಯ ದನಿ, ಹೊತ್ತಿಗೆ ಸರಿಯಾದ ಊಟ ಇವಿಷ್ಟಿದ್ದರೆ ಹೊಸ ಗೋಡೆಗಳು ಬೇಗ ಸ್ವಂತವಾಗುತ್ತವೆ. ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ ಬಲೆ ಕಟ್ಟಿಸುವುದನ್ನು ಮುಂದೂಡಬಾರದು.

ಬೇಟೆಯ ವಿಷಯ. ಹೊಟ್ಟೆ ತುಂಬಿದ ಬೆಕ್ಕೂ ಹಕ್ಕಿ ಹಿಡಿಯುತ್ತದೆ, ಅದು ಕ್ರೌರ್ಯವಲ್ಲ; ಅದರಲ್ಲಿ ಹಸಿವೆ ಮತ್ತು ಬೇಟೆ ಎರಡು ಬೇರೆ ಬೇರೆ ತುಡಿತಗಳು. ಎಕ್ಸೆಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇಕಡ 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ಆಡಿಸಿದರೆ ಶೇಕಡ 25. ಹುರಿಯ ತುದಿಗೆ ಕೋಳಿಪುಕ್ಕ ಕಟ್ಟಿದರೂ ಸಾಕು. ಹಾಲು ಮೊಸರನ್ನಗಳಿಂದಲೇ ಸಾಕುತ್ತೇವೆ ಎಂಬ ಮನೆಗಳು ಗಮನಿಸಬೇಕು: ಬೆಕ್ಕು ಮಾಂಸವಿಲ್ಲದೆ ಆರೋಗ್ಯವಾಗಿ ಬದುಕಲಾರದು, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಕೃಷ್ಣದೇವರಾಯನ ಆಸ್ಥಾನದಲ್ಲಿ ಹಾಲು ಕಂಡು ಓಡಿದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಒಮ್ಮೆ ಬಾಯಿ ಸುಟ್ಟುಕೊಂಡರೆ ಬೆಕ್ಕು ಅದನ್ನು ಮರೆಯುವುದಿಲ್ಲ. ಹೊಡೆದ ಕೈಯನ್ನೂ ಮರೆಯುವುದಿಲ್ಲ.

ಹಾಸಿಗೆಯ ಮೇಲೆ ಉಚ್ಚೆ ಹೊಯ್ದ ಬೆಕ್ಕು ಸೇಡು ತೀರಿಸಿಕೊಂಡಿತೆಂದು ಹೊಡೆಯುವವರಿದ್ದಾರೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಜೂಡಿ ಸ್ಟೆಲ್ಲಾ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಹೊತ್ತು ತಪ್ಪಿದಾಗ, ದಿನಾ ನೋಡಿಕೊಳ್ಳುವವರು ಬದಲಾದಾಗ, ಆರೋಗ್ಯವಾಗಿದ್ದ ಬೆಕ್ಕುಗಳೂ ವಾಂತಿ ಮಾಡಿದವು, ಊಟ ಬಿಟ್ಟವು, ಮರಳಿನ ತಟ್ಟೆಯ ಹೊರಗೆ ವಿಸರ್ಜಿಸಿದವು. ಮನೆಯಲ್ಲಿ ಯಾರೋ ಊರಿಗೆ ಹೋದ ವಾರವೇ ಬೆಕ್ಕು ಹೀಗೆ ಮಾಡಿತೆಂದರೆ ಅದು ಸೇಡಲ್ಲ, ಸಂಕಟ. ಮರಳಿನ ತಟ್ಟೆ ದಿನಾ ಶುಚಿಯಾಗಿದೆಯೇ, ಊಟದ ಬಟ್ಟಲಿಂದ ದೂರದಲ್ಲಿದೆಯೇ ಎಂದು ಮೊದಲು ನೋಡಬೇಕು.

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ನೆಗೆಯುತ್ತಿದ್ದ ಗೋಡೆಗೆ ನೆಗೆಯದಿರುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಜಡೆಗಟ್ಟುವುದು, ಮೂಲೆ ಸೇರುವುದು, ಇವೇ ಅದರ ದೂರುಗಳು. ಮನೆಮದ್ದೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಹೂದಾನಿಯಲ್ಲಿಡುವ ಲಿಲಿ ಹೂವಿನ ಪರಾಗವೂ ಅದರ ಮೂತ್ರಪಿಂಡಕ್ಕೆ ವಿಷ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಬೆಕ್ಕಿಗೂ ರೇಬೀಸ್ ಬರುತ್ತದೆ, ಪ್ರತಿವರ್ಷ ಲಸಿಕೆ ಹಾಕಿಸಿದರೆ ಆ ಭಯ ಬಹಳ ಕಡಿಮೆ. ಗಂಡು ಬೆಕ್ಕು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ, ತಿಣುಕಿ, ಹನಿ ಉಚ್ಚೆಯೂ ಬಾರದೆ ಕೂಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸ್ಥಿತಿ ಅದು. ಬೆಳಗಾಗಲಿ ಎಂದು ಕಾಯದೆ, ಆ ಹೊತ್ತಿಗೆ ತೆರೆದಿರುವ ಪಶುವೈದ್ಯಶಾಲೆ ಎಲ್ಲಿದ್ದರೂ ಅಲ್ಲಿಗೆ ಕೊಂಡೊಯ್ಯಬೇಕು.